ಹುಲಿಯನ ಮುಂದಿನ ಕತೆ

ಕುವೆಂಪು ಬಾಳಿದ ‘ಉದಯರವಿ’ ಇರುವುದು ನಮ್ಮ ಒಂಟಿಕೊಪ್ಪಲಿನಲ್ಲೇ. ಆ ಕಡೆ ಓಡಾಡುವ ನಾನು ಅವರಿಗಿಂತ ಹೆಚ್ಚಾಗಿ ಅವರ ಪಾತ್ರಗಳ ಅಭಿಮಾನಿ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಇನ್ನೂ ಬದುಕಿದೆ.

“ಬೇರೆಯವರ ಪಾತ್ರ ಹಿಡಿದು ಬರೆಯೋದೂ ಒಂದು ಬರವಣಿಗೆಯೇನೇ?” ಎಂದು ಗೆಳತಿ ಛೇಡಿಸುತ್ತಾಳೆ. ಫ್ಯಾನ್ ಫಿಕ್ಷನ್ ಎಂಬ ಹೆಸರಷ್ಟೇ ಹೊಸದು. ವ್ಯಾಸರು ಐವರಿಗೆ ಮದುವೆ ಮಾಡಿಸಿದ ದ್ರೌಪದಿಯನ್ನು ಪಂಪ ಸಾವಿರ ವರ್ಷಗಳ ಹಿಂದೆಯೇ ಅರ್ಜುನನೊಬ್ಬನ ಹೆಂಡತಿಯಾಗಿಸಿದ. ವಾಲ್ಮೀಕಿಯಲ್ಲಿ ಸೀತೆ ಒಬ್ಬಳೇ ಬೆಂಕಿ ಹೊಕ್ಕಳು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾಮನೂ ಅವಳೊಡನೆ ಹೊಗುತ್ತಾನೆ. ಮೂಲದ ಮೇಲಿನ ಪ್ರೀತಿಯೇ ಅದರೊಡನೆ ಜಗಳಕ್ಕೂ ನಿಲ್ಲುತ್ತದೆ.

ಆದರೆ ಈ ಆಟಕ್ಕೂ ನಿಯಮವಿದೆ. ಹುಲಿಯ ಸಲೀಸಾಗಿ ಈಜಿ ಬಂದು ಬಾಲ ಅಲ್ಲಾಡಿಸಿದರೆ ಗುತ್ತಿಯ ದುಃಖಕ್ಕೆ ಬೆಲೆಯಿಲ್ಲ, ಹೊಳೆಗೆ ಭಯವಿಲ್ಲ, ಕತೆ ಸಪ್ಪೆ. ಒಂದು ಜೀವ ಉಳಿಸಿಕೊಳ್ಳಬೇಕಾದರೆ ಇನ್ನೇನನ್ನೋ ತೆರಬೇಕು. ಅದಕ್ಕೇ ನನ್ನ ಹುಲಿಯ ದಡ ಸೇರುವುದು ಬಹಳ ಕೆಳಗೆ, ಗುರುತಿಲ್ಲದ ಊರಿನಲ್ಲಿ. ಗುತ್ತಿಗೆ ಅದು ಎಂದೂ ಗೊತ್ತಾಗುವುದಿಲ್ಲ.