ಅರ್ಧ ಅಂಗುಲದ ಲೆಕ್ಕ

ಕೆನಡಾದ ಕ್ಯಾಲ್ಗರಿಯಲ್ಲಿರುವ ನನ್ನ ಮಗಳು, ಅಳಿಯ ಒಂದು ಹಳೆಯ ಕ್ಯಾಂಪರ್ ಟ್ರೇಲರ್ ಕೊಂಡಿದ್ದಾರೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ ಅಂದುಕೊಳ್ಳಿ. ಮಂಚ, ಒಲೆ, ಬಚ್ಚಲು ಎಲ್ಲ ಅದರೊಳಗೇ. ಚಳಿಗಾಲದಲ್ಲೂ ಅದರಲ್ಲಿ ಮಲಗಿ ಬರುವ ಹುಚ್ಚು ಅಲ್ಲಿಯ ಜನಕ್ಕೆ. ಸುಮಾರು 130 ಕಿಲೋಮೀಟರ್ ದೂರದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಟನಲ್ ಮೌಂಟನ್ ಎಂಬ ಶಿಬಿರವಿದೆ. ಹಿಮ ಬಿದ್ದಾಗಲೂ ಅಲ್ಲಿ ಟ್ರೇಲರ್ ನಿಲ್ಲಿಸಲು ಜಾಗ ಕೊಡುತ್ತಾರೆ.

ಹೊರಗೆ ಮೈನಸ್ 15 ಡಿಗ್ರಿ ಇರುವಾಗ ಒಳಗೆ ಬೆಚ್ಚಗಿರುವುದು ಹೇಗೆ? ಈ ಟ್ರೇಲರಿನಲ್ಲಿ ನಮ್ಮ ಹಂಡೆಯ ತಮ್ಮನಂಥ ಒಂದು ಬಾಯ್ಲರ್ ಇದೆ. ಗ್ಯಾಸ್ ಉರಿಯಿಂದ ಅದರೊಳಗಿನ ದ್ರವ ಕಾಯುತ್ತದೆ. ಪುಟ್ಟ ಪಂಪೊಂದು ಅದನ್ನು ಗೋಡೆಯುದ್ದಕ್ಕೂ, ಮಂಚಗಳ ಹಿಂದೆಯೂ ಹಾಯುವ ಕೊಳವೆಗಳಲ್ಲಿ ಸುತ್ತಿಸುತ್ತದೆ. ಬರೀ ನೀರು ತುಂಬಿದರೆ ಕೆಟ್ಟಿತು. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗಿ ಕೊಳವೆಯನ್ನೇ ಸೀಳಿಬಿಡುತ್ತದೆ. ಅದಕ್ಕೇ ಸಮಪಾಲು ಗ್ಲೈಕಾಲ್ ಬೆರೆಸುತ್ತಾರೆ. ಆ ಮಿಶ್ರಣ ಮೈನಸ್ 30ಕ್ಕೂ ಜಗ್ಗುವುದಿಲ್ಲ.

ದ್ರವ ಕಾದಾಗ ಹಿಗ್ಗುತ್ತದಲ್ಲ, ಆ ಹೆಚ್ಚುವರಿಗೆ ಜಾಗ ಬೇಕು. ಬಟ್ಟೆ ಬೀರುವಿನ ಮೂಲೆಯಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಟ್ಯಾಂಕ್ ಇದೆ, ಮೇಲೆ ಕನಿಷ್ಠ, ಗರಿಷ್ಠ ಎಂಬ ಎರಡು ಗೆರೆ. ಆ ಟ್ಯಾಂಕಿನಲ್ಲಿ ದ್ರವ ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ತೀರ ಇಳಿದರೆ ಪಂಪು ಗಾಳಿ ಎಳೆಯುತ್ತದೆ, ಸುತ್ತಾಟ ನಿಲ್ಲುತ್ತದೆ. ಕಾಡಿನ ನಡುವೆ, ನಡುರಾತ್ರಿಯಲ್ಲಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಗ ಏನು ಮಾಡುವುದು?

"ಸ್ವಲ್ಪ ಸುರಿದುಬಿಟ್ಟರೆ ಆಯ್ತಲ್ಲ ಮಾವ" ಎಂದರು ಅಳಿಯ.

"ಸುರಿಯೋಣ. ಹೋದದ್ದು ಎಲ್ಲಿಗೆ ಹೋಯ್ತು, ಅದನ್ನು ಮೊದಲು ಹೇಳಿ" ಎಂದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ನಗದು ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ದೂಡಿ ಬಸ್ಸು ಹಿಡಿಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಲ್ಲಿ ಇನ್ನೂ ಒಂದು ಕಾರಣವಿತ್ತು. ಅದರಲ್ಲಿದ್ದುದು ಎಥಿಲೀನ್ ಗ್ಲೈಕಾಲ್. ಅದು ವಿಷ, ರುಚಿ ಬೇರೆ ಸಿಹಿ! ಎರಡು ವರ್ಷದ ಮೊಮ್ಮಗನಿಗೆ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ನೆಕ್ಕುವ ವಯಸ್ಸು. ಕಾರಣ ಸಿಗುವವರೆಗೆ ಅವನು ಒಳಗೆ ಕಾಲಿಡಕೂಡದೆಂದು ಮಗಳು ಟ್ರೇಲರಿಗೆ ಬೀಗ ಹಾಕಿ ಕೀಲಿಕೈ ನನ್ನ ಕೈಗೆ ಕೊಟ್ಟಳು.

ಐದನೆಯ ತರಗತಿಯ ಮೊಮ್ಮಗಳನ್ನು ಸಹಾಯಕ್ಕೆ ಕರೆದೆ. ಅವಳು ನೋಟ್ ಪುಸ್ತಕದಲ್ಲಿ ತಾರೀಕು, ಹೊತ್ತು, ಮಟ್ಟ ಎಂದು ಮೂರು ಕಲಂ ಎಳೆದಳು. ಟ್ಯಾಂಕಿಗೆ ಟೇಪು ಅಂಟಿಸಿ ಪೆನ್ಸಿಲಿನಿಂದ ಗೆರೆ ಹಾಕಿದೆವು. ಕಾದಾಗಿನ ಮಟ್ಟವನ್ನು ಕಾದಾಗಿನದಕ್ಕೇ, ತಣ್ಣಗಿದ್ದಾಗಿನದನ್ನು ತಣ್ಣಗಿದ್ದಾಗಿನದಕ್ಕೇ ಹೋಲಿಸಬೇಕು ಎಂಬುದೊಂದೇ ನಿಯಮ. ಅದಿಲ್ಲದಿದ್ದರೆ ರೂಪಾಯಿಯನ್ನೂ ಡಾಲರನ್ನೂ ಒಂದೇ ಕಲಮಿನಲ್ಲಿ ಕೂಡಿಸಿದ ಹಾಗೆ.

ಮೂರು ದಿನ ಹೀಟರ್ ಉರಿಸಿಯೇ ಇಟ್ಟೆವು. ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ. "ತಾನೇ ಸರಿಹೋಗಿದೆ" ಎಂದರು ಅಳಿಯ. ಆಮೇಲೆ ಎರಡು ರಾತ್ರಿ ಆರಿಸಿಬಿಟ್ಟೆವು. ತಣ್ಣಗಾದ ದ್ರವ ಕುಗ್ಗಿ ಇಳಿಯಿತು. ಅದು ಸಹಜವೇ. ಮತ್ತೆ ಉರಿಸಿ, ಮೊದಲಿನಷ್ಟೇ ಬಿಸಿಯಾಗುವವರೆಗೆ ಕಾದೆವು. ಮಟ್ಟ ಏರಿತು, ಆದರೆ ಹಳೆಯ ಗೆರೆ ಮುಟ್ಟಲಿಲ್ಲ. ಅರ್ಧ ಅಂಗುಲ ಕಡಿಮೆ!

ಮೊಮ್ಮಗಳು ಪುಸ್ತಕವನ್ನೊಮ್ಮೆ ನೋಡಿದಳು, ಟ್ಯಾಂಕನ್ನೊಮ್ಮೆ ನೋಡಿದಳು. "ತಾತ, ಬಿಸಿ ಇದ್ದಾಗ ಸೋರಲ್ಲ, ತಣ್ಣಗಾದಾಗ ಸೋರುತ್ತೆ!"

ಇದರಿಂದ ಅರ್ಧ ಕೆಲಸ ಮುಗಿಯಿತು. ಅತಿಯಾಗಿ ತುಂಬಿ ಹೊರಗೆ ಚೆಲ್ಲುವುದಿದ್ದರೆ ಕಾದಾಗ ಚೆಲ್ಲಬೇಕಿತ್ತು. ಏರು ರಸ್ತೆಯಲ್ಲಿ ವಾಲಿ ಚೆಲ್ಲಿತೆನ್ನಲು ಟ್ರೇಲರ್ ಮನೆಯ ಮುಂದೆಯೇ ನಿಂತಿತ್ತು. ಕೊಳವೆಯೊಳಗಿನ ಗಾಳಿಗುಳ್ಳೆ ಹೊರಬಿದ್ದು ಮಟ್ಟ ಇಳಿಯುವುದುಂಟು, ಆದರೆ ಪಂಪು ಓಡುತ್ತಿದ್ದ ಮೂರು ದಿನದಲ್ಲೇ ಅದು ಕಾಣಬೇಕಿತ್ತು. ಇನ್ನು ಉಳಿದದ್ದು ರಬ್ಬರ್ ಕೊಳವೆಯೂ ಲೋಹದ ಕೊಳವೆಯೂ ಸೇರುವ ಜೋಡಣೆಗಳು. ಎಣಿಸಿದರೆ 23.

ಸಂಜೆ ಹೀಟರ್ ಆರಿಸಿ, ಒಂದೊಂದು ಜೋಡಣೆಗೂ ಟಿಶ್ಯೂ ಕಾಗದದ ಪಟ್ಟಿ ಸುತ್ತಿ ನಂಬರ್ ಬರೆದೆವು. ಬೆಳಿಗ್ಗೆ, ಮತ್ತೆ ಉರಿಸುವ ಮುಂಚೆಯೇ, ಟಾರ್ಚ್ ಹಿಡಿದು ನೋಡಿದೆವು. ಇದೇ ಮುಖ್ಯ. ಬಿಸಿಯಾದ ಮೇಲೆ ಹುಡುಕಿದ್ದರೆ ಹೊಸ ಹನಿ ಬೀಳುತ್ತಿರಲಿಲ್ಲ. ಮಗುವಿನ ಮಂಚದ ಕೆಳಗಿನ 17ನೆಯ ಕಾಗದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಅಂಟು. ಗ್ಲೈಕಾಲ್ ನೀರಿನಂತೆ ಬೇಗ ಆರಿಹೋಗುವುದಿಲ್ಲ.

ಚಳಿಗೆ ರಬ್ಬರ್ ಕುಗ್ಗಿ ಗಡುಸಾಗುತ್ತದೆ. ಅದನ್ನು ಬಿಗಿಹಿಡಿದ ತಿರುಪಿನ ಕ್ಲ್ಯಾಂಪು ಅದರ ಜೊತೆ ಕುಗ್ಗುವುದಿಲ್ಲ, ಹಾಗಾಗಿ ಸಂದಿ ಬೀಳುತ್ತದೆ. ಕಾದಾಗ ರಬ್ಬರ್ ಉಬ್ಬಿ ಸಂದಿ ಮುಚ್ಚುತ್ತದೆ. ಕಳ್ಳ ಹಗಲು ಸಭ್ಯನಾಗಿರುತ್ತಿದ್ದ.

ಅಳಿಯ ಕೈಗವಸು ಹಾಕಿ, ಸವೆದ ಕೊಳವೆಯ ತುದಿ ಕತ್ತರಿಸಿ, ಸ್ಪ್ರಿಂಗ್ ಕ್ಲ್ಯಾಂಪು ಹಾಕಿದರು. ರಬ್ಬರ್ ಕುಗ್ಗಿದರೆ ಇದೂ ಕುಗ್ಗಿ ಹಿಡಿದುಕೊಳ್ಳುತ್ತದೆ. ಮೊದಲಿದ್ದ ಜಾತಿಯ ಗ್ಲೈಕಾಲನ್ನೇ ಶುದ್ಧೀಕರಿಸಿದ ನೀರಿನೊಡನೆ ಬೆರೆಸಿ ತುಂಬಿ, ಗಾಳಿ ಬಿಡಿಸಿದೆವು. ಮಗಳು ಮಂಚದ ಕೆಳಗನ್ನು ನಾಲ್ಕು ಸಲ ಸೋಪು ನೀರಿನಿಂದ ಒರೆಸಿದಳು. ಗ್ಲೈಕಾಲ್ ಡಬ್ಬ ಗ್ಯಾರೇಜಿನ ಅಟ್ಟಕ್ಕೆ ಹೋಯಿತು.

ಮತ್ತೆರಡು ರಾತ್ರಿ ಆರಿಸಿ, ಉರಿಸಿ ನೋಡಿದೆವು. ಗೆರೆಗೆ ಗೆರೆ ತಾಳೆ. ಮಾರನೆಯ ವಾರ ಎಲ್ಲರೂ ಬ್ಯಾನ್ಫ್‌ಗೆ ಹೊರಟೆವು. ಎರಡನೆಯ ರಾತ್ರಿ ಹೊರಗೆ ಮೈನಸ್ 18. ಒಳಗೆ ನನ್ನಾಕೆ ಮಾಡಿದ ಮೆಣಸಿನ ಸಾರು, ಮಂಚದ ಮೇಲೆ ಸ್ವೆಟರ್ ಕಿತ್ತೆಸೆದು ಕುಣಿಯುತ್ತಿದ್ದ ಮೊಮ್ಮಗ. ಬೀರು ತೆರೆದು ಮಟ್ಟ ನೋಡುವ ಕೆಲಸವನ್ನು ಮೊಮ್ಮಗಳು ಯಾರಿಗೂ ಬಿಟ್ಟುಕೊಡಲಿಲ್ಲ.