ಮೀನು ತರೋವ್ರು ಒಬ್ಬರು, ಕಾಯೋವ್ರು ಇನ್ನೊಬ್ಬರು

ನಮ್ಮ ಮನ್ಯಾಗ ಡಿಸ್ಕಸ್ ಮೀನು ಬಂದು ಎರಡು ವರ್ಷ ಆತು. ಅರಿಷಿಣ-ಕುಂಕುಮಕ್ಕ ಬಂದವರೆಲ್ಲಾ "ಎಷ್ಟ ಛಂದ ಅದಾವ ನೋಡ್ರಿ, ತಾಟಿನಂಗ ದುಂಡಗ!" ಅಂತ ಟ್ಯಾಂಕಿನ ಮುಂದ ನಿಂತುಬಿಡ್ತೀರಿ. ಆಮ್ಯಾಲೆ ಮನಿಗೆ ಹೋಗಿ, ಹುಡುಗರು ಹಟ ಮಾಡಿದ ಮ್ಯಾಲೆ ಫೋನ್ ಮಾಡ್ತೀರಿ, ಯಾವ ಹೀಟರ್ ತರೋದು, ಯಾವ ಫಿಲ್ಟರ್ ತರೋದು ಅಂತ. ಈ ತಿಂಗಳದಾಗ ನಮ್ಮ ವೈನಿ, ನಾದನಿ, ಹಿಂದಿನ ಓಣಿ ಅಕ್ಕಾರು, ಮೂರೂ ಮಂದಿ ಕೇಳಿದ್ರಿ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರದುಬಿಡ್ತೇನಿ.

ಈ ಮೀನಿನ ತವರುಮನಿ ದಕ್ಷಿಣ ಅಮೆರಿಕದ ಅಮೆಜಾನ್ ನದಿ. ಅಲ್ಲಿ ನೀರು ಬೆಚ್ಚಗ ಇರ್ತದ, ಉಪ್ಪಿನಂಶ ಕಡಿಮಿ, ಮೀನು ಇರೋ ಕಡೆ ಹರಿಯೋದೂ ಸಾವಕಾಶ. ಹಂಗಾಗಿ ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ನೀರು ಬೇಕ. ಗೋಲ್ಡ್‌ಫಿಶ್ ತಣ್ಣೀರಾಗ ಆರಾಮ ಇರ್ತದ ಅಂತ ಇದನ್ನೂ ಹಂಗ ಇಡಲಿಕ್ಕೆ ಬರಂಗಿಲ್ಲ. ನಮ್ಮ ಧಾರವಾಡದಾಗ ಡಿಸೆಂಬರ್ ರಾತ್ರಿ 15 ಡಿಗ್ರಿ ಆಗೋದು ಹೊಸಾದೇನಲ್ಲ, ಮಳಿಗಾಲದಾಗೂ ಥಂಡಿ ಹೊಡೀತದ. ಥಂಡಿ ಹತ್ತಿದ್ರ ಮೀನು ಕಪ್ಪಗಾಗಿ ಒಂದು ಮೂಲ್ಯಾಗ ನಿಂತುಬಿಡ್ತದ, ತಿನ್ನೋದು ಬಿಡ್ತದ, ಬ್ಯಾನಿ ಬೀಳ್ತದ.

ನನ್ನ ಮಗ ಮೊದಲ ಒಂದು ಪಟ್ಟಿ ಮಾಡಿದ್ದ. ಬಣ್ಣದ ಹಳ್ಳು, ಹಿಂದ ಹಚ್ಚೋ ಚಿತ್ರ, ನೀಲಿ ಲೈಟು, ಕಟ್ಟಿಗಿ ಬೇರು. ಹೀಟರ್ ಫಿಲ್ಟರ್ ಎಲ್ಲಾದಕ್ಕಿಂತ ಕೆಳಗ, "ಉಳಿದ ರೊಕ್ಕದಾಗ" ಅಂತ. ನಾ ಅವಂಗ ಹೇಳಿದೆ, "ಆರು ತಿಂಗಳಿಗೆ ನೀ ಬೆಂಗಳೂರಿಗೆ ಹೋಗಾಂವ. ಆಮ್ಯಾಲೆ ರಾತ್ರಿ ಎರಡಕ್ಕ ಲೈಟ್ ಹೋದ್ರ ಏಳಾಕಿ ನಾನು. ಪಟ್ಟಿ ತಲಿಕೆಳಗ ಮಾಡು." ಹುಡುಗ ಮಾರಿ ಸಣ್ಣದು ಮಾಡಿದ, ಆದ್ರ ಮಾಡಿದ. ಹಳ್ಳು, ಚಿತ್ರ, ನೀಲಿ ಲೈಟು ಮೂರೂ ಬಿಟ್ಟಿವಿ. ಇವತ್ತಿಗೂ ನಮ್ಮ ಟ್ಯಾಂಕಿನ ತಳ ಬರೇ ಕಾಜು. ಹೊಲಸು ಕಾಣ್ತದ, ಪೈಪ್ ಹಚ್ಚಿ ಜಗ್ಗಿ ತಗೀಲಿಕ್ಕೆ ಬರ್ತದ.

ಈಗ ಹೀಟರ್ ವಿಚಾರ. ನಮ್ಮದು ನಾಲ್ಕು ಫೂಟ್ ಉದ್ದ, ಒಂದೂವರಿ ಅಗಲ, ಒಂದೂವರಿ ಎತ್ತರದ ಟ್ಯಾಂಕ್. ಗಲ್ಲದತನಕಾ ತುಂಬಿದ್ರ 255 ಲೀಟರ್ ಹತ್ರ, ನಾವು ತುಂಬೋದು 230 ಲೀಟರ್. ಲೀಟರಿಗೆ ಒಂದು ವ್ಯಾಟ್ ಅನ್ನೋದು ಒಂದು ಅಂದಾಜು ಲೆಕ್ಕ. ಅಂಗಡಿಯಾಂವ 300 ವ್ಯಾಟಿನದು ಒಂದು ತಗದು ಇಟ್ಟ. ನಾ 150 ವ್ಯಾಟಿನವು ಎರಡು ಕೊಡಪಾ ಅಂದೆ. ನಮ್ಮನಿಯವರು "ಒಂದರಾಗ ಆಗೋದಕ್ಕ ಎರಡು ಯಾಕ?" ಅಂತ ನನ್ನ ಮಾರಿ ನೋಡಿದ್ರು.

ಯಾಕಂದ್ರ ಹೀಟರ್‌ನ ಥರ್ಮೋಸ್ಟಾಟ್ ಕೆಟ್ರ ಎರಡ ಥರಾ ಕೆಡ್ತದ. ಒಂದು, ಚಾಲೂ ಆಗಂಗಿಲ್ಲ. ಇನ್ನೊಂದು, ಬಂದ್ ಆಗಂಗಿಲ್ಲ. ಎರಡನೇದು ಭಾಳ ಕೆಟ್ಟದ್ದು. ನಮ್ಮ ಪರಿಚಯದವರ ಮನ್ಯಾಗ ಸಣ್ಣ ಟ್ಯಾಂಕಿಗೆ ದೊಡ್ಡ ಹೀಟರ್ ಹಾಕಿದ್ರು. ಎಲ್ಲಾರೂ ಲಗ್ನಕ್ಕ ಹೋದ ದಿನ ಅದು ಬಂದ್ ಆಗಲೇ ಇಲ್ಲ. ಮರದಿನ ಬಂದು ನೋಡಿದ್ರ ನೀರು ಸ್ನಾನಕ್ಕ ಕಾಸಿದಂಗ ಆಗಿತ್ತು, ಒಂದು ಮೀನೂ ಉಳಿದಿರಲಿಲ್ಲ. ಆ ಮನಿ ಸಣ್ಣ ಹುಡುಗಿ ಎಂಟು ದಿನ ಟ್ಯಾಂಕಿನ ಕಡೆ ಹಾಯಲಿಲ್ಲ. ಎರಡು ಸಣ್ಣ ಹೀಟರ್ ಇದ್ರ, ಒಂದು ಹಂಗ ಚಾಲೂ ಉಳದ್ರೂ ಅದರ ಅರ್ಧ ಶಕ್ತಿಗೆ ನೀರು ಲಗೂನ ಕಾಯಂಗಿಲ್ಲ, ನಮಗ ನೋಡಲಿಕ್ಕೆ ವ್ಯಾಳ್ಯಾ ಸಿಗ್ತದ. ಒಂದು ಸತ್ತ್ರೂ ಇನ್ನೊಂದು ನೀರು ಪೂರಾ ತಣ್ಣಗಾಗಲಿಕ್ಕೆ ಬಿಡಂಗಿಲ್ಲ.

ಹೀಟರ್ ಮ್ಯಾಲಿನ ಅಂಕಿ ನಂಬಬ್ಯಾಡ್ರಿ, ಬ್ಯಾರೆ ಥರ್ಮಾಮೀಟರ್ ಒಂದು ಹಚ್ಚರಿ. ನಾ ಮುಂಜಾನೆ ಚಹಾ ಇಟ್ಟಾಗೊಮ್ಮೆ, ರಾತ್ರಿ ಹಾಲು ಮುಚ್ಚಿಟ್ಟ ಮ್ಯಾಲೊಮ್ಮೆ ನೋಡ್ತೇನಿ. ಹೀಟರ್ ಇಡೋದು ಫಿಲ್ಟರಿನ ನೀರು ಬೀಳೋ ಕಡೆ, ಅಂದ್ರ ಬಿಸಿ ಎಲ್ಲಾ ಕಡೆ ಹೋಗ್ತದ. ನೀರು ತಗಿಯೋಕಿಂತ ಹದಿನೈದು ನಿಮಿಷ ಮೊದಲ ಹೀಟರ್ ಬಂದ್ ಮಾಡ್ರಿ. ಕಾದ ಕಾಜಿನ ಹೀಟರ್ ನೀರಿನ ಹೊರಗ ಬಂದ್ರ ಒಡೀತದ. ನೀರಾಗ ಕೈ ಹಾಕೋ ಮೊದಲ ಎಲ್ಲಾ ಸ್ವಿಚ್ ತಗೀರಿ, ಅರ್ಥಿಂಗ್ ಬರೋಬ್ಬರಿ ಇರಲಿ. ವೈರು ಸಾಕೆಟ್‌ಗಿಂತ ಕೆಳಗ ಜೋತು ಬಿದ್ದು ಮ್ಯಾಲೆ ಏರಬೇಕು, ಇಲ್ಲಾಂದ್ರ ನೀರು ವೈರಿನ ಗುಂಟ ಇಳದು ಸೀದಾ ಸಾಕೆಟಿಗೆ ಹೋಗ್ತದ. ಟ್ಯಾಂಕಿನ ಮ್ಯಾಲೆ ಕಾಜಿನ ಮುಚ್ಚಳ, ಹಿಂದ ಥರ್ಮೋಕೋಲ್ ಇದ್ರ ಬಿಸಿ ಉಳೀತದ, ಕರೆಂಟ್ ಬಿಲ್ಲೂ ಉಳೀತದ.

ಫಿಲ್ಟರ್ ಅಂದ್ರ ಜಾಳಗಿ, ಹೊಲಸು ಹಿಡೀತದ ಅಂತ ಎಲ್ಲಾರೂ ತಿಳ್ಕೋತಾರ. ಅದರ ದೊಡ್ಡ ಕೆಲಸ ಬ್ಯಾರೆ ಅದ. ಮೀನಿನ ಹೇಲು-ಉಚ್ಚಿ, ಉಳಿದ ಆಹಾರ ಕೊಳತು ಅಮೋನಿಯಾ ಆಗ್ತದ, ಅದು ಮೀನಿಗೆ ವಿಷ. ಬೆಚ್ಚನ್ನ ನೀರಾಗ ಅದರ ವಿಷ ಇನ್ನೂ ಜೋರು. ಫಿಲ್ಟರಿನ ಸ್ಪಂಜು, ಮಣ್ಣಿನ ಉಂಗುರದಾಗ ಬೆಳಿಯೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವ, ಆಮ್ಯಾಲೆ ನೈಟ್ರೇಟ್ ಮಾಡ್ತಾವ. ನೈಟ್ರೈಟೂ ವಿಷನ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿ ಮಾಡಿದ್ರ ಹೋಗ್ತದ. ನಮಗ ತಿಳಿಯೋ ಮಾತಿನಾಗ ಇದು ಹೆಪ್ಪು ಇದ್ದಂಗ. ಹೆಪ್ಪಿಲ್ಲದ ಹಾಲು ಮೊಸರಾಗಂಗಿಲ್ಲ, ಹೆಪ್ಪು ಕೂಡದ ಫಿಲ್ಟರ್ ಮೀನು ಕಾಯಂಗಿಲ್ಲ. ಮೊಸರು ಒಂದು ರಾತ್ರಿಗೆ ಆಗ್ತದ, ಇದಕ್ಕ ನಾಲ್ಕರಿಂದ ಆರು ವಾರ ಬೇಕು. ಇವತ್ತ ಟ್ಯಾಂಕ್, ನಾಳೆ ಡಿಸ್ಕಸ್ ಅನ್ನೋ ಅಂಗಡಿಯವರ ಮಾತು ಕೇಳಬ್ಯಾಡ್ರಿ. ಯಾರದರೆ ಮನ್ಯಾಗ ಚಲೋ ನಡದ ಟ್ಯಾಂಕ್ ಇದ್ರ ಅವರ ಹಳೇ ಸ್ಪಂಜು ತಂದು ಹಾಕ್ರಿ, ಲಗೂ ಕೂಡ್ತದ.

ಅದಕ್ಕ ಸ್ಪಂಜು ನಳದ ಕೆಳಗ ಹಿಡದು ತಿಕ್ಕಿ ತೊಳಿಬ್ಯಾಡ್ರಿ. ನಳದ ನೀರಿನ ಕ್ಲೋರಿನ್ ಹೆಪ್ಪನ್ನ ಕೊಲ್ತದ. ಟ್ಯಾಂಕಿನಿಂದ ತಗದ ನೀರಾಗ ಎರಡು ಸಲ ಹಿಂಡಿದ್ರ ಸಾಕು. ನಮ್ಮ ಕೈಗೆ ಪಾತ್ರಿ ಲಕಲಕ ಹೊಳಿಯೋತನಕಾ ತಿಕ್ಕೋ ಚಟ ಇರ್ತದ, ಇಲ್ಲಿ ಅದು ಬ್ಯಾಡ.

ಯಾವ ಫಿಲ್ಟರ್ ಅಂದ್ರಿ? ದೊಡ್ಡ ಟ್ಯಾಂಕಿಗೆ ಹೊರಗ ಇಡೋ ಕ್ಯಾನಿಸ್ಟರ್ ಚಲೋ, ಒಳಗ ಜಾಗಾ ಭಾಳ ಇರ್ತದ. ಗಂಟೆಗೆ ಟ್ಯಾಂಕಿನ ನೀರು ನಾಲ್ಕು ಸಲ ತಿರುಗಬೇಕು ಅಂತ ಲೆಕ್ಕ ಹಿಡದು ನಾವು 1000 ಲೀಟರಿಂದು ತೊಗೊಂಡಿವಿ. ಇನ್ನೂ ದೊಡ್ಡದು ಅಂಗಡಿಯಾಂವ ತೋರಿಸಿದ. ಆದ್ರ ಡಿಸ್ಕಸ್‌ಗೆ ಜೋರು ಹರಿವು ಸೇರಂಗಿಲ್ಲ, ಮತ್ತ ನೀರು ತುಂಬಿದ ಆ ಡಬ್ಬಿ ಬಚ್ಚಲತನಕಾ ಹೊರಲಿಕ್ಕೆ ನನ್ನ ಮೊಣಕಾಲು ಒಪ್ಪಬೇಕಲಾ? ಅಂಗಡ್ಯಾಗ ಖಾಲಿ ಡಬ್ಬಿ ಎತ್ತಿ ನೋಡಿ "ಹಗರ ಅದ" ಅನಬ್ಯಾಡ್ರಿ, ತುಂಬಿದ್ದು ನೆನಸ್ರಿ. ಅದರ ಜೋಡಿ ಟ್ಯಾಂಕಿನ ಒಳಗ ಒಂದು ದೊಡ್ಡ ಸ್ಪಂಜ್ ಫಿಲ್ಟರ್ ಹಾಕಿಸಿದೆ, ಏರ್ ಪಂಪಿನ ಮ್ಯಾಲೆ ನಡಿಯೋದು. ಸೋವಿ, ಕೆಡೋದು ಕಡಿಮಿ, ಒಂದ ಕೈಲೆ ಹಿಂಡಬಹುದು.

ಆ ಸ್ಪಂಜ್ ಫಿಲ್ಟರಿನ ಬೆಲೆ ತಿಳಿಯೋದು ಲೈಟ್ ಹೋದಾಗ. ಲೈಟ್ ಹೋದ್ರ ಎಲ್ಲಾರೂ ಹೀಟರ್ ಬಂದಾತು ಅಂತ ಗಾಬರಿ ಆಗ್ತಾರ. ಅಷ್ಟು ನೀರು ತಾಸಿನಾಗ ತಣ್ಣಗಾಗಂಗಿಲ್ಲ, ಮ್ಯಾಲೆ ಒಂದು ಕಂಬಳಿ ಹೊಚ್ಚಿದ್ರ ಇನ್ನೂ ತಡೀತದ. ಮೊದಲ ಕಡಿಮಿ ಬೀಳೋದು ಗಾಳಿ. ಬೆಚ್ಚನ್ನ ನೀರಾಗ ಗಾಳಿ ಮೊದಲ ಕಡಿಮಿ ಕರಗಿರ್ತದ. ಹಂಗಾಗಿ ಇನ್ವರ್ಟರಿಗೆ ಏರ್ ಪಂಪ್ ಹಚ್ಚರಿ, ಅದು ತಿನ್ನೋದು ನಾಲ್ಕೈದು ವ್ಯಾಟ್. ಹೀಟರ್ ಹಚ್ಚಬ್ಯಾಡ್ರಿ, ಬ್ಯಾಟರಿ ಕುಡದುಬಿಡ್ತದ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಮ್ಯಾಲೆ ನಡಿಯೋ ಪಂಪ್ ಒಂದು ಇಟ್ಟಿರ್ರಿ. ಭಾಳ ಹೊತ್ತು ಲೈಟ್ ಹೋಗಿದ್ರ ಕ್ಯಾನಿಸ್ಟರಿನ ಒಳಗಿನ ನೀರು ಹೊಲಸು ನಾರ್ತದ, ಅದನ್ನ ಚೆಲ್ಲಿ ಆಮ್ಯಾಲೆ ಚಾಲೂ ಮಾಡ್ರಿ.

ನಮ್ಮ ಓಣಿಗೆ ನಳ ದಿನಾ ಬರಂಗಿಲ್ಲ. ಅದಕ್ಕ ಒಂದು ಡ್ರಮ್ಮಿನಾಗ ನೀರು ತುಂಬಿಟ್ಟು, ಕ್ಲೋರಿನ್ ತಗಿಯೋ ಔಷಧ ಹಾಕಿ, ಮೂರನೇ ಹೀಟರ್ ಒಂದು ಅದರಾಗ ಬಿಟ್ಟಿರ್ತೇನಿ. ಹೊಸಾ ನೀರು ಟ್ಯಾಂಕಿನ ನೀರಿನಷ್ಟ ಬೆಚ್ಚಗ ಇರಬೇಕು. ಟ್ಯಾಂಕಿನ ಎರಡರಾಗ ಒಂದು ಕೆಟ್ರ ಇದ ಅಲ್ಲಿಗೆ ಹೋಗ್ತದ.

ಹೋದ ಶ್ರಾವಣದಾಗ ಒಂದು ಜೋಡಿ ತತ್ತಿ ಇಟ್ಟು, ಮರಿ ಆದುವು. ಡಿಸ್ಕಸ್ ಮರಿ ತಾಯಿ-ತಂದಿ ಮೈಮ್ಯಾಲಿನ ಲೋಳಿ ತಿಂದು ಬೆಳೀತಾವ. ಒಬ್ಬರಿಗೆ ಸಾಕಾದಾಗ ಇನ್ನೊಬ್ಬರ ಮೈಗೆ ಹೋಗಿ ಹತ್ತತಾವ. ಆ ಜೋಡಿನ ಸಣ್ಣ ಟ್ಯಾಂಕಿನಾಗ ಬ್ಯಾರೆ ಇಟ್ಟಿದ್ದೆ. ಅಲ್ಲಿ ಬರೇ ಸ್ಪಂಜ್ ಫಿಲ್ಟರ್, ಕ್ಯಾನಿಸ್ಟರ್ ಆಗಿದ್ರ ಮರಿ ಒಳಗ ಎಳಕೋತಿತ್ತು. ಡ್ರಮ್ಮಿನ ಹೀಟರ್ ಆಗ ಅಲ್ಲಿಗೆ ಬಂತು. ಎಲ್ಲಾ ಮರಿ ಉಳೀಲಿಲ್ಲ, ಹನ್ನೊಂದು ಉಳದುವು. ಬೆಂಗಳೂರಿನಿಂದ ಮಗ ದಿನಾ ವಿಡಿಯೋ ಕಾಲ್ ಮಾಡಿ ಮೊದಲ "ಅವ್ವಾ, ನೀರು ಎಷ್ಟು ಡಿಗ್ರಿ?" ಅಂತ ಕೇಳ್ತಿದ್ದ.

ಹುಡುಗರು ಮೀನಿನ ಬಣ್ಣ ಆರಿಸಲಿ. ಹೀಟರ್, ಫಿಲ್ಟರ್ ತರೋ ದಿನ ಮಾತ್ರ ನೀವೂ ಅಂಗಡಿಗೆ ಹೋಗ್ರಿ, ಟ್ಯಾಂಕಿನ ಅಳತಿ ಚೀಟ್ಯಾಗ ಬರಕೊಂಡು ಹೋಗ್ರಿ. ವೈನಿ, ನಿಮ್ಮ ಫಿಲ್ಟರಿಗೆ ನಮ್ಮ ಹಳೇ ಸ್ಪಂಜು ಒಂದು ಎತ್ತಿಟ್ಟೇನಿ. ಬರೋವಾಗ ಮುಚ್ಚಳದ ಡಬ್ಬಿ ತರ್ರಿ, ಹಸಿ ಇರೋವಾಗ ಒಯ್ಯಬೇಕು.