ತುಂಗೆಯ ತೀರಕ್ಕೆ ಎರಡು ದಿನದ ಪ್ರಯಾಣ

ದಿನೇ ದಿನೇ ದೃಷ್ಟಿ ಕುಂದುತ್ತಿರುವ ನಮ್ಮ ತಾಯಿಯವರು, ತಾವು ಹುಟ್ಟಿ ಬೆಳೆದ ತೀರ್ಥಹಳ್ಳಿಯ ಸೀಮೆಯಲ್ಲಿ ತುಂಗಾನದಿಯನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆಂದು ಅಪೇಕ್ಷಿಸಿದರು. ಸಹೋದರಿಯರಾದ ನಮಗೆ ದೊರೆತ ಬಿಡುವಾದರೋ ಎರಡೇ ದಿನ. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗಗಳ ಮಾರ್ಗವಾಗಿ ಸುಮಾರು 350 ಕಿಲೋಮೀಟರು ದೂರ.

ನಕ್ಷೆಯನ್ನು ಹರಡಿಕೊಂಡು ಕುಳಿತೆವು. ಸಕ್ರೆಬೈಲಿನ ಆನೆಗಳು, ಮಂಡಗದ್ದೆಯ ಹಕ್ಕಿಗಳು, ಕುಪ್ಪಳಿಯ ಕವಿಮನೆ, ಶೃಂಗೇರಿ, ಆಗುಂಬೆಯ ಸೂರ್ಯಾಸ್ತ ಎಂದು ನಮ್ಮ ಪಟ್ಟಿಯು ಬೆಳೆಯುತ್ತಲೇ ಹೋಯಿತು. ಮೌನವಾಗಿ ಕೇಳುತ್ತಿದ್ದ ತಾಯಿಯವರು, "ಇಷ್ಟರ ನಡುವೆ ಹೊಳೆಯ ಬಳಿ ಕುಳಿತುಕೊಳ್ಳುವುದು ಯಾವಾಗ?" ಎಂದರು. ನಾವು ನಾಚಿ ತಲೆತಗ್ಗಿಸಿದೆವು.

ಒಂದೊಂದಾಗಿ ಎಲ್ಲವನ್ನೂ ಹೊಡೆದುಹಾಕಿದೆವು. ಮಳೆಗಾಲದಲ್ಲಿ ಹೊಳೆಯು ಕೆಂಪಾಗಿ ಉಕ್ಕುವುದಾದ್ದರಿಂದ ಪ್ರಯಾಣವನ್ನು ಡಿಸೆಂಬರ್ ತಿಂಗಳಿಗೆ ನಿಶ್ಚಯಿಸಿದೆವು. ಆಗ ನೀರು ತಿಳಿಯಾಗಿ ಬಂಡೆಗಳು ಕಾಣುವುವು. ಎಳ್ಳಮಾವಾಸ್ಯೆಯ ಜಾತ್ರೆಯ ಸಂದಣಿ ತಾಯಿಯವರಿಗೆ ತ್ರಾಸವಾದೀತೆಂದು ಆ ದಿನಗಳನ್ನು ಬಿಟ್ಟೆವು. ಅರುಣೋದಯಕ್ಕೆ ಮುನ್ನ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಬಹುದು. ಅಂದಿನ ಸಂಜೆಯೂ ಮರುದಿನದ ಮುಂಜಾನೆಯೂ ನದಿಗೇ ಮೀಸಲು.

ಉಳಿದ ಊರುಗಳು ನಮಗಾಗಿ ಕಾಯಬಲ್ಲವು. ತಾಯಿಯವರ ಕಣ್ಣುಗಳು ಕಾಯಲಾರವು.